ಬಿಕರ್ನಕಟ್ಟೆ ಬಾಲಯೇಸು ಪುಣ್ಯಕ್ಷೇತ್ರ: ಗುರುವಾರದ ನೊವೆನಾಕ್ಕೆ ಹೋಗುವವರಿಗೆ

ನಮ್ಮ ಆಫೀಸಿನಲ್ಲಿ ಆಗಾಗ ಯಾರಾದರೂ ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ. "ಮೇಡಂ, ಬಿಕರ್ನಕಟ್ಟೆಗೆ ನಾವೂ ಬರಬಹುದಾ? ಅಲ್ಲಿ ಏನಂತ ಕೇಳಿಕೊಳ್ಳಬೇಕು?" ಬರಬಹುದು ಅನ್ನುವುದು ಸುಲಭದ ಉತ್ತರ. ಏನಂತ ಕೇಳಿಕೊಳ್ಳಬೇಕು ಅನ್ನುವುದಕ್ಕೆ ಊಟದ ಬಿಡುವಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಇಲ್ಲ. ನಾನು ಕಥೋಲಿಕಳು, ಮನೆ ಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ. ಈ ನೊವೆನಾಕ್ಕೆ, ಅಂದರೆ ಒಂಬತ್ತು ದಿನ ಅಥವಾ ಒಂಬತ್ತು ವಾರದ ಪ್ರಾರ್ಥನೆಗೆ, ಹೋಗುತ್ತಾ ಬಂದಿರುವುದು ಸಣ್ಣವಳಿದ್ದಾಗಿನಿಂದ. ಹಾಗಾಗಿ ಒಂದು ಹೋಟೆಲಿನ ಬಗ್ಗೆಯೋ ಆಸ್ಪತ್ರೆಯ ಬಗ್ಗೆಯೋ ಹೇಗೆ ಬರೆಯುತ್ತೇವೋ ಹಾಗೇ ಇದರ ಬಗ್ಗೆಯೂ ಬಿಡಿಸಿ ಬರೆಯೋಣ ಅಂದುಕೊಂಡೆ: ಹೇಗೆ ಹೋಗುವುದು, ಅಲ್ಲಿ ಏನು ನಡೆಯುತ್ತದೆ, ಜನ ಏನು ಕೇಳುತ್ತಾರೆ, ಕೇಳಿದ್ದು ಸಿಗುತ್ತದಾ.

ಮೊದಲು ದಾರಿ. ಮಂಗಳೂರಿನ ನಂತೂರು ಸರ್ಕಲ್ ದಾಟಿ ಕುಲಶೇಖರದ ಕಡೆ ಹೋಗುವಾಗ ಬಿಕರ್ನಕಟ್ಟೆ ಸಿಗುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕುಲಶೇಖರ, ಮೂಡುಬಿದಿರೆ ಕಡೆಗೆ ಹೋಗುವ ಬಸ್ಸು ಹತ್ತಿದರೆ ಆಯಿತು. ಆದರೆ ಎಕ್ಸ್‌ಪ್ರೆಸ್ ಆದರೆ ನಿಲ್ಲಿಸುತ್ತಾರಾ ಅಂತ ಕಂಡಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಜಾಗಕ್ಕೆ ಕಾರ್ಮೆಲ್ ಹಿಲ್ ಅಂತ ಹೆಸರು, ನಡೆಸುವವರು ಕಾರ್ಮೆಲ್ ಅನ್ನುವ ಸನ್ಯಾಸಿ ಸಭೆಯ ಫಾದರ್‌ಗಳು. ವಾರದಲ್ಲಿ ಯಾವ ದಿನ ಬೇಕಾದರೂ ಹೋಗಬಹುದು, ಬಾಲಯೇಸುವಿಗೆ ವಿಶೇಷ ದಿನ ಗುರುವಾರ. ಪೂಜೆ (ಇಂಗ್ಲಿಷಿನಲ್ಲಿ ಮಾಸ್ ಅನ್ನುವುದು) ಕೊಂಕಣಿಯಲ್ಲಿ ಜಾಸ್ತಿ, ಬೇರೆ ಭಾಷೆಗಳಲ್ಲೂ ಇರುತ್ತದೆ. ಯಾವ ಹೊತ್ತಿಗೆ ಯಾವ ಭಾಷೆ ಅನ್ನುವುದು ಬದಲಾಗುತ್ತಾ ಇರುವುದರಿಂದ ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಭಾಷೆ ಬರದಿದ್ದರೆ ಹೋಗಿ ಏನು ಪ್ರಯೋಜನ ಅನ್ನಬೇಡಿ. ಕೊಂಕಣಿ ಒಂದಕ್ಷರ ಬಾರದ ತುಳು ಮಾತಾಡುವ ಹೆಂಗಸರು ಹಿಂದಿನ ಬೆಂಚಿನಲ್ಲಿ ಕೈಮುಗಿದು ಕೂತಿರುವುದು ನಮ್ಮೂರಲ್ಲಿ ಹೊಸತೇನಲ್ಲ.

ಈ ಬಾಲಯೇಸು ಎಲ್ಲಿಯವನು ಅಂತ ಗೊತ್ತಿದ್ದರೆ ಅಲ್ಲಿ ನಡೆಯುವುದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೂಲ ಪ್ರತಿಮೆ ಇರುವುದು ಪ್ರಾಗ್ ನಗರದಲ್ಲಿ. ಎತ್ತರ ಬರೀ 47 ಸೆಂಟಿಮೀಟರ್. ಪೊಲಿಕ್ಸೇನಾ ಅನ್ನುವ ದೊಡ್ಡ ಮನೆತನದ ಹೆಂಗಸು ಅದನ್ನು 1628ರಲ್ಲಿ ಅಲ್ಲಿನ ಕಾರ್ಮೆಲ್ ಮಠಕ್ಕೆ ಕೊಟ್ಟರು. ಮೂರು ವರ್ಷ ಕಳೆಯುವಷ್ಟರಲ್ಲಿ ಯುದ್ಧ ಬಂತು, ಸ್ಯಾಕ್ಸನಿಯ ಸೈನ್ಯ ಊರಿಗೆ ನುಗ್ಗಿತು, ಮಠ ಲೂಟಿಯಾಯಿತು. ಪ್ರತಿಮೆ ಕಸದ ನಡುವೆ ಬಿದ್ದುಹೋಯಿತು. 1637ರಲ್ಲಿ ಸಿರಿಲ್ ಅನ್ನುವ ಫಾದರ್ ಅದನ್ನು ಹುಡುಕಿ ತೆಗೆದಾಗ ಎರಡೂ ಕೈ ಮುರಿದಿದ್ದವು. ಅದರ ಮುಂದೆ ಪ್ರಾರ್ಥಿಸುತ್ತಿದ್ದಾಗ "ನನಗೆ ಕೈ ಕೊಡು, ನಾನು ನಿನಗೆ ಶಾಂತಿ ಕೊಡುತ್ತೇನೆ" ಅನ್ನುವ ಮಾತು ಅವರಿಗೆ ಕೇಳಿಸಿತು ಅಂತ ನಂಬಿಕೆ. ನನಗೆ ಈ ಕಥೆ ತುಂಬಾ ಹಿಡಿಸುವುದು ಇದಕ್ಕೇ. ಬೇಡಲು ಬಂದವನ ಹತ್ತಿರವೇ ಮಗು ಮೊದಲು ಏನೋ ಬೇಡುತ್ತದೆ.

ಇನ್ನು ನೊವೆನಾ. ಒಂಬತ್ತು ದಿನ ಬಿಡದೆ ಮಾಡುವ ಪ್ರಾರ್ಥನೆ. ಯೇಸು ಸ್ವರ್ಗಕ್ಕೆ ಏರಿಹೋದ ಮೇಲೆ ಶಿಷ್ಯರೂ ತಾಯಿ ಮರಿಯಮ್ಮನೂ ಒಂದು ಮಾಳಿಗೆಯಲ್ಲಿ ಸೇರಿ, ಪವಿತ್ರಾತ್ಮರು ಬರುವವರೆಗೆ ಕಾದು ಪ್ರಾರ್ಥಿಸಿದರಲ್ಲ, ಅದೇ ಇದರ ಮೂಲ ಅಂತ ನಮಗೆ ಧರ್ಮೋಪದೇಶದ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು. ಮಂಗಳೂರು, ಉಡುಪಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂವು ಹಿಡಿದು ಚರ್ಚಿಗೆ ಹೋಗುವುದನ್ನು ಎಲ್ಲರೂ ನೋಡಿದ್ದೀರಿ, ಅದೂ ನೊವೆನಾವೇ. ವಾರಕ್ಕೊಂದರಂತೆ ಒಂಬತ್ತು ವಾರ ಮಾಡುವವರೂ ಇದ್ದಾರೆ. ಮಂಗಳವಾರ ಸಂತ ಅಂತೋಣಿ, ಬುಧವಾರ ನಿತ್ಯ ಸಹಾಯ ಮಾತೆ, ಗುರುವಾರ ಬಾಲಯೇಸು, ಹೀಗೆ ವಾರವನ್ನೇ ಹಂಚಿಕೊಂಡ ಹಾಗಿದೆ ನಮ್ಮ ಕಡೆ.

ಜನ ಏನು ಕೇಳುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಗಲ್ಫಿನಲ್ಲಿ ಕೆಲಸ ಸಿಗಲಿ. ಇದ್ದ ಕೆಲಸ ಹೋಗದಿರಲಿ. ವೀಸಾ ಬೇಗ ಬರಲಿ. ನರ್ಸಿಂಗ್ ಮುಗಿಸಿದ ಮಗಳು ಇಂಗ್ಲಿಷ್ ಪರೀಕ್ಷೆ ಪಾಸಾಗಿ ಹೊರದೇಶಕ್ಕೆ ಹೋಗಲಿ. ಹೋದವಳು ಕ್ರಿಸ್ಮಸ್ಸಿಗಾದರೂ ಬರಲಿ. ಮಗನಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬರಲಿ. ಮದುವೆಯಾದವರಿಗೆ ಮಗುವಾಗಲಿ. ಗಂಡ ಕುಡಿಯುವುದನ್ನು ಬಿಡಲಿ. ಈ ಕೊನೆಯದು ಎಷ್ಟು ಜಾಸ್ತಿ ಅಂತ ಗೊತ್ತಾಗಬೇಕಾದರೆ ಪೂಜೆ ಮುಗಿದ ಮೇಲೆ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ, ಹೆಂಗಸರು ಪಿಸುಗುಟ್ಟುವುದು ಕೇಳಿಸುತ್ತದೆ. ಜಾಗದ ತಕರಾರು, ಬ್ಯಾಂಕಿನ ಸಾಲ, ಕೀಮೋ, ಎಸ್ಸೆಸ್ಸೆಲ್ಸಿ, ಪಿಯುಸಿ. ಮಕ್ಕಳೆಲ್ಲ ಪರದೇಶ ಸೇರಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಮುದುಕ ಮುದುಕಿಯರು ಕೇಳುವುದು ಇನ್ನೊಂದು ಥರ: ಒಬ್ಬರು ಹೋದ ಮೇಲೆ ಇನ್ನೊಬ್ಬರು ಜಾಸ್ತಿ ದಿನ ಒದ್ದಾಡದಿರಲಿ.

ಕೆಲವರಿಗೆ ಇದೆಲ್ಲ ಸಣ್ಣ ಬೇಡಿಕೆ ಅನಿಸುತ್ತದೆ. ದೇವರ ಹತ್ತಿರ ವೀಸಾ ಕೇಳುವುದಾ, ಆತ್ಮದ ವಿಷಯ ಕೇಳಬಾರದಾ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯೇಸು ಕೇಳಿ, ಹುಡುಕಿ, ಬಾಗಿಲು ತಟ್ಟಿ ಅಂದದ್ದನ್ನು ಬಾಲಯೇಸುವಿನ ನೊವೆನಾದಲ್ಲಿ ಜೋರಾಗಿಯೇ ಹೇಳುತ್ತೇವೆ. ಲೂಕನ ಸುವಾರ್ತೆಯಲ್ಲಿ ಅವರು ಕೊಡುವ ಉದಾಹರಣೆ ನೋಡಿ. ಮಧ್ಯರಾತ್ರಿ ಮನೆಗೆ ನೆಂಟ ಬಂದಿದ್ದಾನೆ, ಬಡಿಸಲು ಏನೂ ಇಲ್ಲ, ಅದಕ್ಕೆ ಗೆಳೆಯನೊಬ್ಬನನ್ನು ಎಬ್ಬಿಸಿ ಮೂರು ರೊಟ್ಟಿ ಕೊಡು ಅನ್ನುತ್ತಾನೆ. ಮೂರು ರೊಟ್ಟಿ! ಅದಕ್ಕಿಂತ ಮನೆಯ ಮಾತು ಇನ್ನೇನಿದೆ. ಅದೂ ತನ್ನ ಹೊಟ್ಟೆಗಲ್ಲ, ಬಂದವನಿಗೆ.

ಇಲ್ಲಿ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಕೋರಿಕೆಯನ್ನು ಚೀಟಿಯಲ್ಲಿ ಬರೆದು ಹಾಕುವ ರೂಢಿ ಉಂಟು. ನಾನು ಬರೆಯುತ್ತಾ ನಿಂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿ, ಹಳೇ ಕಾಲದ ಸೀರೆ, ಕೈಯಲ್ಲಿ ಜಪಸರ, "ಬಾಯೆ, ನನ್ನ ಕನ್ನಡಕ ಮನೆಯಲ್ಲಿ ಬಾಕಿ ಆಯಿತು, ಒಂದು ಬರೆದು ಕೊಡ್ತೀಯಾ" ಅಂದರು. ಹೇಳಿ ಮಾಂಯ್ ಅಂದೆ. ಮೊದಲು ಮಗಳ ಮಗ, ಪಿಯುಸಿ. ಆಮೇಲೆ ಕುವೈಟಿನಲ್ಲಿರುವ ಸೊಸೆ, ರಜೆ ಸಿಗಬೇಕು. ಆಮೇಲೆ ಅವರ ಮನೆಯ ತೆಂಗಿನಕಾಯಿ ಕೀಳುವ ಹುಡುಗ, ಮರದಿಂದ ಬಿದ್ದು ಸೊಂಟ ಹೋಗಿ ಮಲಗಿದ್ದಾನಂತೆ, ಅವನಿಗೆ ಸಣ್ಣ ಮಕ್ಕಳಂತೆ. ಅವನ ಹೆಸರು ಹೇಳುವಾಗ ಸರಿಯಾಗಿ ಬರೆದೆನಾ ಅಂತ ಎರಡು ಸಲ ಕೇಳಿದರು. ಆಮೇಲೆ ಪಕ್ಕದ ಮನೆಯವರ ಮಗಳು, ಮದುವೆ ಕೂಡಿ ಬರುತ್ತಿಲ್ಲ. "ಅವರಿಗೂ ನಮಗೂ ಮಾತಿಲ್ಲ" ಅಂದರು, "ಗಡಿಯದ್ದು ಕೋರ್ಟಿನಲ್ಲಿ ಉಂಟು. ಅದು ಅಲ್ಲಿ ಆಗಲಿ. ಹುಡುಗಿ ಎಂತ ಮಾಡಿದ್ದಾಳೆ ಪಾಪ." ಚೀಟಿ ತುಂಬಿತು. ನಿಮಗೆ ಏನೂ ಬರೆಯಲಿಲ್ಲವಲ್ಲ ಅಂದೆ. "ನನ್ನದು ಮಂಡಿನೋವು. ಮೆಟ್ಟಿಲು ಹತ್ತುವಾಗ ಅವನೇ ನೋಡಿದ್ದಾನಲ್ಲ" ಅಂತ ಹೇಳಿ ಚೀಟಿ ಮಡಚಿಕೊಂಡು ಹೋದರು.

ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಏನು ಅಂತ ಒಂದೇ ಮಾತಿನಲ್ಲಿ ಹೇಳು ಅಂದರೆ ನಾನು ಹೇಳುವುದು ಇದನ್ನೇ. ಹೋಗುವಾಗ ನಮ್ಮದೊಂದು ಬೇಡಿಕೆ ಹಿಡಿದುಕೊಂಡು ಹೋಗುತ್ತೇವೆ, ಅಲ್ಲಿ ಒಂದು ಗಂಟೆ ಕೂತರೆ ಇನ್ನೊಬ್ಬರದ್ದನ್ನೂ ಕೇಳುವ ಹಾಗೆ ಅದು ನಮ್ಮನ್ನು ಮಾಡುತ್ತದೆ. ಸುಮ್ನೆ ಹೇಳುವುದಲ್ಲ, ಪ್ರಾರ್ಥನೆಯ ಕ್ರಮವೇ ಹಾಗಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಏಳು ಬೇಡಿಕೆ. ಮೊದಲ ಮೂರರಲ್ಲಿ ನಮ್ಮ ವಿಷಯವೇ ಇಲ್ಲ: ದೇವರ ನಾಮ ಪೂಜಿತವಾಗಲಿ, ಅವರ ರಾಜ್ಯ ಬರಲಿ, ಅವರ ಚಿತ್ತ ನೆರವೇರಲಿ. ಅದಾದ ಮೇಲೆಯೇ ಅನ್ನ. ಅದೂ ಇವತ್ತಿನ ಮಟ್ಟಿಗೆ. ಮುಂದಿನ ವರ್ಷದ್ದು, ನಿವೃತ್ತಿಯಾದ ಮೇಲಿನದ್ದು ಕೇಳಲು ಅದರಲ್ಲಿ ಜಾಗ ಇಟ್ಟಿಲ್ಲ. ಆಮೇಲೆ ಕ್ಷಮೆ, ಅದಕ್ಕೆ ಒಂದು ಷರತ್ತು: ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸಿ. ಬೇರೆ ಎಲ್ಲ ಬೇಡಿಕೆ ಸಲೀಸಾಗಿ ಹೇಳಬಹುದು, ಈ ಷರತ್ತಿನ ಹತ್ತಿರ ಬಂದಾಗ ನಾಲಿಗೆ ತಡವರಿಸುತ್ತದೆ, ಅದರಲ್ಲೂ ಅಣ್ಣ ತಮ್ಮಂದಿರ ಮಧ್ಯೆ ಪಾಲಿನ ಜಗಳ ಇರುವ ಮನೆಯವರಿಗೆ. ಕೊನೆಗೆ ಶೋಧನೆಯಿಂದ, ಕೇಡಿನಿಂದ ಕಾಪಾಡುವುದು.

ಪೂಜೆಯ ನಡುವೆ ಪ್ರಸಂಗ ಆದ ಮೇಲೆ ವಿಶ್ವಾಸಿಗಳ ಪ್ರಾರ್ಥನೆ ಅಂತ ಬರುತ್ತದೆ. ಒಬ್ಬರು ಒಂದೊಂದೇ ಕೋರಿಕೆ ಓದುತ್ತಾರೆ, ನಾವೆಲ್ಲ ಸೇರಿ ಪ್ರಭುವೇ ನಮ್ಮ ಪ್ರಾರ್ಥನೆಯನ್ನು ಆಲಿಸಿರಿ ಅನ್ನುತ್ತೇವೆ. ಇದಕ್ಕೂ ಒಂದು ಸರದಿ ಇದೆ. ಮೊದಲು ಧರ್ಮಸಭೆಗಾಗಿ, ಆಮೇಲೆ ನಾಡನ್ನು ಆಳುವವರಿಗಾಗಿ ಮತ್ತು ಇಡೀ ಲೋಕದ ಒಳಿತಿಗಾಗಿ, ಆಮೇಲೆ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ಅಲ್ಲಿ ಸೇರಿದ ನಮ್ಮ ಊರಿನವರಿಗಾಗಿ. ಆಳುವವರಿಗಾಗಿ ಅಂದಾಗ ಯಾವ ಪಕ್ಷ ಅಂತ ನೋಡುವ ಹಾಗಿಲ್ಲ. ನಾವು ಓಟು ಹಾಕದವರಿಗೂ ಸೇರಿಸಿಯೇ ಕೇಳಬೇಕು. ತಿಮೋಥೇಯನಿಗೆ ಬರೆದ ಪತ್ರದಲ್ಲಿ ಅರಸರಿಗಾಗಿಯೂ ಅಧಿಕಾರದಲ್ಲಿ ಇರುವ ಎಲ್ಲರಿಗಾಗಿಯೂ ಬೇಡಿಕೊಳ್ಳಿ ಅಂತ ಇದೆ, ಅದನ್ನು ಬರೆದದ್ದು ರೋಮಿನ ಚಕ್ರವರ್ತಿಗಳ ಕಾಲದಲ್ಲಿ, ಆಗ ಕ್ರೈಸ್ತರಿಗೆ ಆಳುವವರಿಂದ ಸುಖ ಏನೂ ಇರಲಿಲ್ಲ. ಮಳೆ ತಡವಾದ ವರ್ಷ ಮಳೆಗಾಗಿ ಕೇಳುತ್ತೇವೆ. ಕಡಲಿಗೆ ಹೋದವರಿಗಾಗಿ, ಜೈಲಿನಲ್ಲಿರುವವರಿಗಾಗಿ ಕೇಳುತ್ತೇವೆ. ನಮ್ಮನ್ನು ಹಿಂಸಿಸುವವರಿಗಾಗಿಯೂ ಪ್ರಾರ್ಥಿಸಿ ಅನ್ನುವುದು ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಬಾಯಿಯಿಂದಲೇ ಬಂದ ಮಾತು. ನನ್ನ ಮಟ್ಟಿಗೆ ನೊವೆನಾಕ್ಕಿಂತಲೂ ಈ ಐದು ನಿಮಿಷ ದೊಡ್ಡದು. ಕೆಲವರು ಆ ಹೊತ್ತಿಗೆ ಮೊಬೈಲ್ ನೋಡುತ್ತಾ ಇರುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಹರಕೆಯ ವಿಷಯ. ಕೊಂಕಣಿಯಲ್ಲಿ ಆಂಗವ್ಣ್ ಅನ್ನುತ್ತೇವೆ. ಮೇಣದ ಬತ್ತಿ ಹಚ್ಚುವುದು, ನಡೆದುಕೊಂಡು ಬರುತ್ತೇನೆ ಅಂತ ಹೇಳಿಕೊಳ್ಳುವುದು, ಮಗುವಾದರೆ ಮೊದಲು ಇಲ್ಲಿಗೆ ಕರೆತರುವುದು, ಬಡವರಿಗೆ ಊಟ ಹಾಕುವುದು. ನಮ್ಮ ಕರಾವಳಿಯಲ್ಲಿ ಹರಕೆ ಹೊರದ ಮನೆ ಯಾವುದಿದೆ, ಭೂತಕ್ಕಾಗಲಿ ನಾಗನಿಗಾಗಲಿ ದರ್ಗಾಕ್ಕಾಗಲಿ. ಹಾಗಾಗಿ ಹಿಂದೂ ಗೆಳತಿಯರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಆದರೆ ನೀನು ಇದು ಕೊಟ್ಟರೆ ನಾನು ಅದು ಕೊಡುತ್ತೇನೆ ಅಂತ ದೇವರ ಹತ್ತಿರ ಚೌಕಾಸಿಗೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಬಡವರಿಗೆ ಊಟ ಹಾಕಲು ಮಗನಿಗೆ ವೀಸಾ ಬರುವವರೆಗೆ ಯಾಕೆ ಕಾಯಬೇಕು? ಸಂತ ಅಂತೋಣಿಯ ಹೆಸರಿನಲ್ಲಿ ಬಡವರ ರೊಟ್ಟಿಗೆ ಅಂತ ಕಾಣಿಕೆ ಹಾಕುವ ಪದ್ಧತಿ ಇದೆಯಲ್ಲ, ಅದು ನನಗೆ ಇಷ್ಟ. ಜೆಪ್ಪುವಿನ ಸಂತ ಅಂತೋಣಿ ಆಶ್ರಮದಲ್ಲಿ ವಯಸ್ಸಾದವರು, ಯಾರೂ ಇಲ್ಲದವರು ಇದ್ದಾರೆ, ಅಂಥಲ್ಲಿಗೆ ಹೋದ ಕಾಣಿಕೆ ಯಾರದೋ ತಟ್ಟೆಗೆ ಅನ್ನವಾಗಿ ಬೀಳುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕೇಳಿದ್ದು ಸಿಗುತ್ತದಾ?

ನನ್ನ ಅಮ್ಮನಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಗುಣವಾಗಲಿ ಅಂತ ಕೇಳಿದೆ, ಗಟ್ಟಿಯಾಗಿ ಕೇಳಿದೆ, ಒಂಬತ್ತು ಗುರುವಾರ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಗುಣವಾಗಲಿಲ್ಲ. ಕೆಲವು ತಿಂಗಳಾದ ಮೇಲೆ ನನ್ನ ಬೇಡಿಕೆ ತಾನಾಗಿಯೇ ಚಿಕ್ಕದಾಗುತ್ತಾ ಬಂತು. ಇವತ್ತು ಸೂಜಿ ಹಾಕುವಾಗ ಒಂದೇ ಸಲಕ್ಕೆ ನರ ಸಿಗಲಿ. ಇವತ್ತು ಬಿಪಿ ಇಳಿಯದಿರಲಿ. ಇವತ್ತು ರಾತ್ರಿ ಅಮ್ಮ ಎರಡು ಚಮಚ ಗಂಜಿಯಾದರೂ ಕುಡಿಯಲಿ. ಅವುಗಳಲ್ಲಿ ಎಷ್ಟೋ ಸಿಕ್ಕಿತು. ಎಡಗೈಯಲ್ಲಿ ಡಯಾಲಿಸಿಸ್ಸಿಗಾಗಿ ಎರಡು ರಕ್ತನಾಳ ಸೇರಿಸಿ ಮಾಡಿದ ಫಿಸ್ಟುಲಾದ ಜಾಗಕ್ಕೆ ಕೈ ಇಟ್ಟರೆ ಒಳಗೆ ರಕ್ತ ಓಡುವುದು ಬೆರಳಿಗೆ ತಿಳಿಯುತ್ತಿತ್ತು, ಪ್ರತಿದಿನ ಬೆಳಿಗ್ಗೆ ಅಲ್ಲಿ ಕೈ ಇಟ್ಟು ನೋಡಿ ದೇವರೇ ಥ್ಯಾಂಕ್ಸ್ ಅಂತಿದ್ದೆ. ದೊಡ್ಡದು ಸಿಗಲಿಲ್ಲ, ಅಮ್ಮ ಹೋದರು. ಅನುದಿನದ ಆಹಾರ ಅಂತ ದಿನಾ ಬಾಯಲ್ಲಿ ಹೇಳುತ್ತಿದ್ದುದು ಏನು ಅಂತ ನನಗೆ ತಿಳಿದದ್ದು ಆ ದಿನಗಳಲ್ಲಿ.

ಪ್ರಾರ್ಥಿಸಿದರೆ ಕಾಯಿಲೆ ಹೋಗುತ್ತದೆ ಅಂತ ನಾನು ಯಾರಿಗೂ ಗ್ಯಾರಂಟಿ ಕೊಡುವುದಿಲ್ಲ, ಬೈಬಲ್ಲೂ ಕೊಡುವುದಿಲ್ಲ. ಯೇಸು ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಈ ಪಾತ್ರೆ, ಅಂದರೆ ಬರಲಿರುವ ಈ ಸಂಕಟ, ನನ್ನಿಂದ ದೂರ ಹೋಗಲಿ ಅಂತ ಬೇಡಿದರು, ಆದರೂ ನನ್ನ ಚಿತ್ತವಲ್ಲ, ನಿಮ್ಮ ಚಿತ್ತವೇ ಆಗಲಿ ಅಂದರು. ಪಾತ್ರೆ ದೂರ ಹೋಗಲಿಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲ ತನ್ನ ಮೈಯಲ್ಲಿ ನೆಟ್ಟ ಮುಳ್ಳಿನಂಥ ಬಾಧೆ ತೆಗೆದುಬಿಡು ಅಂತ ಮೂರು ಸಲ ಕೇಳಿಕೊಂಡ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಕಾಯಿಲೆಯವರಿಗಾಗಿ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತ ಯಾಕೋಬನ ಪತ್ರದಲ್ಲಿ ಇದೆ, ನಾವು ಅದನ್ನೂ ಮಾಡುತ್ತೇವೆ, ಮಾಡಿಸಿ ಆಸ್ಪತ್ರೆಗೂ ಹೋಗುತ್ತೇವೆ. ಅಮ್ಮನಿಗೆ ಎಣ್ಣೆ ಹಚ್ಚಲು ಬಂದ ಫಾದರ್ ಪ್ರಾರ್ಥನೆ ಮುಗಿಸಿ ಮೊದಲು ಕೇಳಿದ್ದು ಮುಂದಿನ ಡಯಾಲಿಸಿಸ್ ಯಾವಾಗ, ಕರೆದುಕೊಂಡು ಹೋಗಲು ಯಾರಿದ್ದಾರೆ ಅಂತ.

ಸತ್ತವರಿಗಾಗಿಯೂ ಕಥೋಲಿಕರು ಕೇಳುತ್ತಾರೆ. ನವೆಂಬರ್ 2ಕ್ಕೆ ಸಿಮಿತ್ರಿಯಲ್ಲಿ (ಸ್ಮಶಾನದಲ್ಲಿ) ಗೋರಿಗಳ ಮೇಲೆಲ್ಲ ಹೂವು, ಮೇಣದ ಬತ್ತಿ ಇಡುವುದನ್ನು ನೋಡಿರಬಹುದು. ನಮ್ಮ ಮನೆಯಲ್ಲಿ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಅಮ್ಮ ಒಂದೊಂದೇ ಹೆಸರು ಹಿಡಿದು ಆಮ್ಚ್ಯಾ ಬಾಪಾ, ಅಂದರೆ ಯೇಸು ಕಲಿಸಿದ ಆ ಪ್ರಾರ್ಥನೆ, ಹೇಳಿಸುತ್ತಿದ್ದರು: ದಾರಿಯಲ್ಲಿರುವವರಿಗೆ, ಹಡಗಿನಲ್ಲಿ ಕೆಲಸ ಮಾಡುವ ಮಾವನಿಗೆ, ತೀರಿಕೊಂಡ ಅಜ್ಜಿಗೆ, ಆಮೇಲೆ ಯಾರೂ ನೆನೆಯದ ಆತ್ಮಗಳಿಗೆ. ನಾವು ಮಕ್ಕಳಿಗೆ ಹೊಟ್ಟೆ ಹಸಿದು ಒಮ್ಮೆ ಮುಗಿದರೆ ಸಾಕು ಅನಿಸುತ್ತಿತ್ತು, ಆ ಕೊನೆಯದನ್ನು ಮಾತ್ರ ಅಮ್ಮ ಯಾವತ್ತೂ ಬಿಡಲಿಲ್ಲ.

ಪ್ರೊಟೆಸ್ಟಂಟರಲ್ಲಿ ಇದು ಇಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಬೆಳೆದ ಸಭೆಗಳು ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ), ಬಲ್ಮಠದ ಶಾಂತಿ ಕೆಥೆಡ್ರಲ್ ಅವರದ್ದೇ. ಅವರಲ್ಲಿ ಸಂತರ ಮೂಲಕ ಬೇಡುವುದಿಲ್ಲ, ಸತ್ತವರಿಗಾಗಿ ಬೇಡುವುದಿಲ್ಲ, ನೇರ ಯೇಸುವಿನ ಹೆಸರಿನಲ್ಲಿ ಕೇಳುವುದು. ಅವರ ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ನನ್ನ ಗೆಳತಿಯ ಜೊತೆ ಕೂತಿದ್ದೇನೆ. ಪುಸ್ತಕ ನೋಡದೆ, ಶುದ್ಧ ಕನ್ನಡದಲ್ಲಿ, ಎದುರಿಗೆ ಕೂತವರ ಹತ್ತಿರ ಮಾತಾಡಿದ ಹಾಗೆ ಪ್ರಾರ್ಥಿಸುತ್ತಾರೆ. ಕೇಳಲು ತುಂಬಾ ಚಂದ. ನಮಗೆ ಬರೆದಿಟ್ಟ ಪ್ರಾರ್ಥನೆಯ ರೂಢಿ, ಅದಕ್ಕೂ ಅದರದ್ದೇ ಉಪಕಾರ ಉಂಟು. ದುಃಖ ಜಾಸ್ತಿಯಾಗಿ ಸ್ವಂತ ಮಾತು ಹೊರಡದ ದಿನ ಬಾಯಿಪಾಠ ಬರುವ ಪ್ರಾರ್ಥನೆಯೇ ಕೈಹಿಡಿಯುವುದು. ಹುಡುಕಿದರೆ ಎರಡೂ ಕಡೆ ಕೇಳುವುದು ಅದೇ ಅದೇ: ಮಗ, ಮಗಳು, ಕೆಲಸ, ಕಾಯಿಲೆ, ಕ್ಷಮೆ.

ಎಚ್ಚರಿಕೆ ಹೇಳಬೇಕಾದ ಎರಡು ವಿಷಯ ಇವೆ, ಎರಡೂ ಬೇರೆ ಕಡೆ ಆದದ್ದು, ಹೆಸರು ಬೇಡ. ಒಂದು, ಅಮ್ಮ ಹುಷಾರಿಲ್ಲದಾಗ ಯಾರೋ ನಂಬರ್ ಕೊಟ್ಟು ಫೋನಿನಲ್ಲಿ ಪ್ರಾರ್ಥನೆ ಮಾಡುವವರನ್ನು ಪರಿಚಯ ಮಾಡಿಸಿದರು. ಮೊದಲ ದಿನ ಪ್ರಾರ್ಥನೆ, ಎರಡನೇ ದಿನ ಬ್ಯಾಂಕ್ ಅಕೌಂಟ್ ನಂಬರ್. ನಂಬಿಕೆ ಕಡಿಮೆಯಾದ್ದರಿಂದ ಗುಣ ಆಗುತ್ತಿಲ್ಲ, ದೊಡ್ಡ ಕಾಣಿಕೆ ಹಾಕಿ ನಂಬಿಕೆ ತೋರಿಸಿ ಅಂದರು. ಕಾಯಿಲೆ ಬಿದ್ದವರ ಮನೆಯವರಿಗೆ ಹೀಗೆ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಂಥ ಫೋನ್ ಬಂದರೆ ಇಟ್ಟುಬಿಡಿ. ಪೂಜೆ ಮಾಡಿಸಲು ನಮ್ಮಲ್ಲಿ ಕಾಣಿಕೆ ಕೊಡುವ ಕ್ರಮ ಇದೆ ನಿಜ, ಆದರೆ ಕೊಡಲು ಆಗದ ಬಡವರ ಕೋರಿಕೆಗೂ ಪೂಜೆ ಅರ್ಪಿಸಿ ಅಂತ ಧರ್ಮಸಭೆಯ ಕಾನೂನೇ ಫಾದರ್‌ಗಳಿಗೆ ಒತ್ತಿ ಸಲಹೆ ಕೊಡುತ್ತದೆ. ದುಡ್ಡಿಲ್ಲ ಅಂತ ಯಾರೂ ಹಿಂದೆ ನಿಲ್ಲಬೇಕಾಗಿಲ್ಲ.

ಎರಡನೆಯದು, ಒಂದು ಪ್ರಾರ್ಥನಾ ಕೂಟದಲ್ಲಿ ಕೋರಿಕೆಗಳನ್ನು ಹೆಸರು, ಮನೆ, ಕಾಯಿಲೆ ಸಮೇತ ಮೈಕಿನಲ್ಲಿ ಓದಿದರು. ಇಂಥವರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ ಅಂತ. ಆ ತಾಯಿ ಮೂರನೇ ಸಾಲಿನಲ್ಲಿ ಕೂತಿದ್ದರು. ಅಂಥ ಕೋರಿಕೆ ಬರೆಯುವಾಗ ಎಲ್ಲಿಯೇ ಆಗಲಿ ಊರು, ಮನೆ ಹೆಸರು ಹಾಕಬೇಡಿ, ಒಂದು ಕುಟುಂಬದ ಸಮಾಧಾನಕ್ಕಾಗಿ ಅಂತ ಬರೆದರೆ ಸಾಕು, ಯಾರದ್ದು ಅಂತ ದೇವರಿಗೆ ವಿಳಾಸ ಬೇಕಾಗಿಲ್ಲ. ಓದುವ ಜವಾಬ್ದಾರಿ ಇರುವವರೂ ಮೈಕ್ ಹಿಡಿಯುವ ಮುಂಚೆ ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯದು.

ಬೇರೆ ಧರ್ಮದವರಿಗೆ ಕೆಲವು ಮಾತು. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವುದು ನಮ್ಮಲ್ಲಿ ತಪ್ಪಲ್ಲ, ಬಿಚ್ಚಿಟ್ಟು ಹೋದರೂ ಯಾರೂ ಏನೂ ಅನ್ನುವುದಿಲ್ಲ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ, ಮೊಣಕಾಲೂರುವುದು ಕಷ್ಟ ಅನಿಸಿದರೆ ಬೆಂಚಿನಲ್ಲೇ ಇರಿ. ಪರಮಪ್ರಸಾದಕ್ಕೆ ಸಾಲು ಹೋಗುವಾಗ ಮಾತ್ರ ಕಥೋಲಿಕರಲ್ಲದವರು ಜಾಗದಲ್ಲೇ ಇರಬೇಕು. ಅದನ್ನು ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಹಂಚುವುದಿಲ್ಲ, ಯೇಸುವಿನ ಶರೀರ ಅಂತ ನಂಬಿ ಸ್ವೀಕರಿಸುವುದು. ಮೊದಲೇ ಗೊತ್ತಿದ್ದರೆ ಮುಜುಗರ ಆಗುವುದಿಲ್ಲ ಅಂತ ಹೇಳಿದೆ ಅಷ್ಟೆ. ಪ್ರತಿಮೆಯ ಮುಂದೆ ಹೋಗಿ ಬೇಡಿಕೊಳ್ಳಲು, ಮೇಣದ ಬತ್ತಿ ಹಚ್ಚಲು, ಸುಮ್ನೆ ಕೂತಿರಲು ಯಾರದ್ದೂ ತಕರಾರಿಲ್ಲ. ನಿಮ್ಮ ಭಾಷೆಯಲ್ಲಿ, ನಿಮಗೆ ಬರುವ ಮಾತಿನಲ್ಲಿ ಕೇಳಿ. ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಹೇಳಲು ಮತ್ತೊಮ್ಮೆ ಬನ್ನಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗಿ ಒಬ್ಬನೇ ತಿರುಗಿ ಬಂದ ಕಥೆ ಸುವಾರ್ತೆಯಲ್ಲಿದೆ, ಆ ಒಬ್ಬ ಸಮಾರಿಯದವನು, ಯೆಹೂದ್ಯರ ಲೆಕ್ಕದಲ್ಲಿ ಹೊರಗಿನವನು.

ಯಾವಾಗ ಹೋಗುವುದು ಅಂತ ಕೇಳಿದರೆ, ಮೊದಲ ಸಲದವರು ಜನವರಿ ಬಿಟ್ಟು ಬೇರೆ ಯಾವುದಾದರೂ ಗುರುವಾರ ಹೋಗಿ. ಜನವರಿ 14, 15ಕ್ಕೆ ವಾರ್ಷಿಕ ಹಬ್ಬ, ಅದಕ್ಕೆ ಮುಂಚೆ ಒಂಬತ್ತು ದಿನ ನೊವೆನಾ, ಆಗ ಜನವೋ ಜನ. ಗದ್ದಲದ ನಡುವೆಯೂ ಪ್ರಾರ್ಥನೆ ಹತ್ತುತ್ತದೆ ಅನ್ನುವವರಿಗೆ ಅದೇ ಒಳ್ಳೆಯ ಸಮಯ, ನನಗೂ ಆ ದಿನಗಳು ಇಷ್ಟವೇ, ಆದರೆ ವಯಸ್ಸಾದವರನ್ನು, ಕೈಮಗುವನ್ನು ಕರೆತರುವವರು ಯೋಚಿಸಿ ಹೊರಡಿ. ಬಿಸಿಲಿಗೆ ಕೊಡೆ, ಕುಡಿಯಲು ನೀರು ಜೊತೆಗಿರಲಿ. ಅಷ್ಟು ದೊಡ್ಡ ಜಾತ್ರೆಯೇ ನೋಡಬೇಕು ಅಂತಿದ್ದರೆ ಇದೇ ರಸ್ತೆಯಲ್ಲಿ ಮುಂದೆ ಕಾರ್ಕಳಕ್ಕೆ ಹೋಗಿ ಅತ್ತೂರಿನ ಸಂತ ಲಾರೆನ್ಸರ ಹಬ್ಬ ನೋಡಿ. ಅದೂ ಜನವರಿಯಲ್ಲೇ, ಹಲವು ದಿನ ನಡೆಯುತ್ತದೆ. 2016ರಲ್ಲಿ ಬಸಿಲಿಕಾ (ಪೋಪ್ ಕೊಡುವ ವಿಶೇಷ ಗೌರವದ ಹೆಸರು) ಆದ ಚರ್ಚ್ ಅದು, ಪಕ್ಕದಲ್ಲಿ ಪುಷ್ಕರಿಣಿ ಇದೆ, ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಯಾರು ಯಾವ ಧರ್ಮ ಅಂತ ಹೇಳಲು ಆಗುವುದಿಲ್ಲ. ಬಿಕರ್ನಕಟ್ಟೆಗೆ ಹಬ್ಬದ ದಿನ ಹೋಗುವುದೇ ಆದರೆ ಕಾರು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿ, ಬೆಳಗಿನ ಪೂಜೆಗೆ ಸೇರಿಕೊಳ್ಳಿ, ಸಂಜೆ ನಂತೂರು ದಾಟುವುದೇ ದೊಡ್ಡ ಕೆಲಸ.